ಮೊದಲನೇ ರೀಲಿನ ಮಳಿ

– ಓದಿದ್ರಿ, ಕಾಕಾ?

– ಓದಿದೆ. ಒಂದಲ್ಲ, ಎರಡು ಸರ್ತಿ. ಡ್ರೋನ್ ಭೀಷ್ಮ ಕೆರಿ ಮ್ಯಾಲೆ ಹಾರತೈತಿ, ಬಸವಣ್ಣನ ಮೂರ್ತಿಗೆ ಒಂದು ಸುತ್ತ ಹಾಕತೈತಿ, ಅಲ್ಲಿಂದ ವೀರನಾರಾಯಣ ಗುಡಿ ಮುಂದ ಇಳೀತೈತಿ. ಧೂಳ ಏಳತೈತಿ. ಧೂಳಿನೊಳಗಿಂದ ಬುಲೆಟ್ ಬರತೈತಿ. ಅದರ ಮ್ಯಾಲೆ ನಿನ್ನ ಹೀರೋ. ಹೌದಿಲ್ಲೊ?

– ಹೌದ್ರಿ. ಸ್ಲೋ ಮೋಷನ್‌ದಾಗ.

– ಆ ಓಣ್ಯಾಗ ಅಷ್ಟು ಧೂಳ ಎಲ್ಲಿಂದ ತರ್ತೀ, ತಂಗೀ?

– ಯೂನಿಟ್‌ನವರು ಹಾರಸ್ತಾರ. ಧೂಳಿನ ಮಾತ ಬಿಡ್ರಿ, ಸೀನ್ ಹೆಂಗೈತಿ ಹೇಳ್ರಿ.

– ಸೀನ್ ಮುಗಿದ ಮ್ಯಾಲೆ ಅಂವ ಯಾರಂತ ನನಗ ಏನ ತಿಳೀತು?

– ಹೀರೋ ಅಂತ ತಿಳೀತಲ್ರಿ.

– ಅದು ಟಾಕೀಸಿನ ಗ್ವಾಡಿ ಮ್ಯಾಲಿನ ಪೋಸ್ಟರ್ ನೋಡಿದಾಗನ ತಿಳದಿತ್ತು. ರೊಕ್ಕಾ ಕೊಟ್ಟು ಒಳಗ ಬಂದಾಂವಗ ಇನ್ನೊಂದೇನರ ಹೇಳಬೇಕವಾ.

– ಎಲ್ಲಾರೂ ಹಂಗ ತೆಗೀತಾರ ಕಾಕಾ. ಮೊದಲ ಎಂಟ್ರಿ, ಆಮ್ಯಾಲೆ ಹಾಡು, ಆಮ್ಯಾಲೆ ಹೀರೋಯಿನ್. ಮಂದಿ ಶಿಳ್ಳಿ ಹೊಡಿಯಾಕ ಟೈಮ್ ಬೇಕಲ್ರಿ.

– ಶಿಳ್ಳಿ ಬಗ್ಗೆ ನನಗ ಹೇಳಬ್ಯಾಡ. ಅರ್ಧ ಆಯುಷ್ಯ ಮಶೀನ್ ಖೋಲ್ಯಾಗ ಕಳದೇನಿ. ಯಾವ ಶಿಳ್ಳಿ ನಟಗ, ಯಾವುದು ಪಾತ್ರಕ್ಕ ಅಂತ ಕಣ್ಣ ಮುಚ್ಚಿ ಹೇಳ್ತಿದ್ದೆ. ನಟನ ಶಿಳ್ಳಿ ಒಮ್ಮೆಲೆ ಏಳತಿತ್ತು, ಒಮ್ಮೆಲೆ ಆರತಿತ್ತು. ಪಾತ್ರದ ಶಿಳ್ಳಿ ತಡಾ ಮಾಡಿ ಬರತಿತ್ತು, ಇಂಟರ್ವಲ್ ಹತ್ತಿರ ಬಂದಾಗ. ಇನ್ನೊಂದು ಹೇಳ್ತೀನಿ ಕೇಳು. ನಮ್ಮಂಥ ಊರಿನ್ಯಾಗ ಮೊದಲನೇ ರೀಲು ಪೂರ್ತಿ ನೋಡಿದವರ ಕಡಿಮಿ.

– ಯಾಕ್ರಿ?

– ಮಂದಿ ತಡಾ ಬರ್ತಿದ್ರು. ಬೆಟಗೇರ್ಯಾಗ ಮಗ್ಗ ನಿಲ್ಲಿಸಿ ಕೈ ತೊಳಕೊಂಡು ಬರವ್ರು, ಶಿರಹಟ್ಟಿ ಕಡಿಂದ ಸಂತಿಗೆ ಬಂದು ಹಂಗ ಮ್ಯಾಟ್ನಿಗೆ ನುಗ್ಗವ್ರು. ಟಾರ್ಚಿನ ಬೆಳಕಿನ್ಯಾಗ ಖುರ್ಚಿ ಹುಡುಕೂದ್ರಾಗ ಹೀರೋ ಬಂದು ಹೋಗಿರ್ತಿದ್ದ. ಬಂದವ್ರಿಗೂ ಪೂರ್ತಿ ಕಾಣತಿತ್ತು ಅನ್ನಬ್ಯಾಡ. ದೊಡ್ಡ ರೀಲು ಅಂದ್ರ 2000 ಅಡಿ, ಮಿನೀಟಿಗೆ 90 ಅಡಿ ಓಡತೈತಿ, ಲೆಕ್ಕಾ ಹಾಕು, 22 ಮಿನೀಟು. ಪ್ರತಿ ಆಟಕ್ಕೂ ರೀಲಿನ ತಲಿ ಹಿಡದು ಮಶೀನಿಗೆ ಪೋಣಸಬೇಕು. ಹಂಗಾಗಿ ತಲಿ, ಬಾಲ ಮೊದಲ ಹರೀತಿದ್ವು. ಹರದದ್ದನ್ನ ಕತ್ತರಿಸಿ, ಸಿಮೆಂಟ್ ಹಚ್ಚಿ, ಮತ್ತ ಜೋಡಸೂದು. ಬೆಂಗಳೂರು ಮುಗಿಸಿ, ಹುಬ್ಬಳ್ಳಿ ಮುಗಿಸಿ ಪ್ರಿಂಟ್ ನಮ್ಮಲ್ಲಿಗೆ ಮುಟ್ಟೂದ್ರಾಗ ಮೊದಲಿನ ಸೀನಿನ್ಯಾಗ ಒಂದಿಷ್ಟು ಕತ್ತರಿ ಪಾಲಾಗಿರತಿತ್ತು. ಉಳದದ್ದರ ಮ್ಯಾಲೆ ಬರೇ ಗೀರು. ಪಡದಿ ತುಂಬ ಬಿಳಿ ಗೆರಿ ಸುರೀತಿದ್ವು. ಅದಕ್ಕ ಮಳಿ ಅಂತಿದ್ವಿ.

– ಅಂದ್ರ ಹೀರೋ ಮಳ್ಯಾಗ ಬರ್ತಿದ್ದ.

– ಉರಿ ಬಿಸಲಿನ ಸೀನಿನ್ಯಾಗೂ! ಯಾರೂ ತಕರಾರ ಮಾಡ್ತಿದ್ದಿಲ್ಲ. ಮಾರಿ ತಪ್ಪಿದ್ರ ತಪ್ಪಲಿ, ಎರಡೂವರಿ ತಾಸು ಅದ ಮಾರಿ ನೋಡೂದೈತಲ್ಲ. ಆದ್ರ ಅಂವ ತಂಗಿ ಮದವಿಗಂತ ಯಾರಿಗೂ ಹೇಳದ ಸಾಲಾ ಮಾಡ್ಯಾನ ಅಂತ ತೋರಿಸೂ ಅರ್ಧ ಮಿನೀಟು ಕತ್ತರಿಗೆ ಸಿಕ್ಕಿತಂದ್ರ, ಮುಂದಿನ ಸಾಲಿನಿಂದ ಬೈಗಳ ಏಳತಿದ್ವು. ಮಂದಿಗೆ ಬೇಕಾದದ್ದು ಏನಂತ ನನಗ ಅಲ್ಲೆ ತಿಳದದ್ದು. ಹೀರೋ ಹೆಂಗದಾನ ಅನ್ನೂದು ಬೇಕಾಗಿಲ್ಲ. ಅವನ ಬಗ್ಗೆ ನಮಗಷ್ಟ ಗೊತ್ತಿದ್ದು, ಪಡದಿ ಮ್ಯಾಲಿನವರಿಗೆ ಗೊತ್ತಿಲ್ಲದ್ದು ಒಂದು ಬೇಕು.

– ಅದು ಸಸ್ಪೆನ್ಸ್ ಆತಲ್ರಿ. ನಂದು ಲವ್ ಸ್ಟೋರಿ.

– ಸಸ್ಪೆನ್ಸಿನ್ಯಾಗ ನಮಗ ಗೊತ್ತಿರೂದಿಲ್ಲ. ಪ್ರೀತಿ ಕತ್ಯಾಗ ಉಲ್ಟಾ. ನೀ ಡ್ರೋನ್ ಇಳಿಸೀಯಲ್ಲ ಗುಡಿ, ಅಲ್ಲೆ ಕುಂತು ಕುಮಾರವ್ಯಾಸ ಭಾರತ ಬರದ ಅಂತಾರ. ಅದರಾಗ ದ್ರೌಪದಿ ಸ್ವಯಂವರ ನೋಡು. ದೊಡ್ಡ ದೊಡ್ಡ ರಾಜರು ಬಿಲ್ಲಿನ ಮುಂದ ಸೋತು ಕುಂತಾರ. ಬ್ರಾಹ್ಮಣರ ಗುಂಪಿನ್ಯಾಗಿಂದ ಒಬ್ಬ ಎದ್ದ. ನಗ್ಯಾಡತಾರ ಮಂದಿ. ಅಂವ ಅರ್ಜುನ ಅಂತ ಪುರಾಣ ಕೇಳಾಕ ಬಂದು ಕಂಬಕ್ಕ ಆತು ಕುಂತ ಮುದಕಿಗೆ ಗೊತ್ತೈತಿ. ಮಾಲಿ ಹಿಡದು ನಿಂತ ದ್ರೌಪದಿಗೆ ಗೊತ್ತಿಲ್ಲ. ಮುದಕಿ ಮಾರಿ ಮ್ಯಾಲೆ ಆವಾಗೊಂದು ನಗಿ ಬರತೈತಿ ನೋಡು, ಅದಕ್ಕ ಸಮ ಯಾವ ಬುಲೆಟ್ಟೂ ಇಲ್ಲ.

– ಅರ್ಜುನ ಎಲ್ಲಾರಿಗೂ ಮೊದಲ ಗೊತ್ತಿದ್ದಾಂವ. ನನ್ನ ಹೀರೋನ ಯಾರೂ ಕಂಡಿಲ್ಲ. ಅಂವ ಯಾರು, ಎತ್ತ ಅಂತ ಯಾರರ ಹೇಳಬೇಕಲ್ರಿ.

– ಅದಕ್ಕಂತನ ನಮ್ಮ ದೊಡ್ಡಾಟದಾಗ ಒಬ್ಬ ಇದ್ದ, ಸಾರಥಿ. ಇಬ್ಬರು ತೆರಿ ಹಿಡದು ನಿಂದರತಾರ. ಮ್ಯಾಲೆ ಕಿರೀಟದ ತುದಿ, ಕೆಳಗ ಗೆಜ್ಜಿ ಕಟ್ಟಿದ ಕಾಲು, ನಡುವಿಂದು ಕಾಣೂದಿಲ್ಲ. ತೆರಿ ಸರೀತು ಅಂದ್ರ ಸಾರಥಿ ಕೇಳಾವ: ತಾವು ಯಾರು, ಯಾವ ದೇಶ, ಬಂದ ಕಾರಣ ಏನು? ರಾಜ ತನ್ನ ಕುಲಾ, ಬಲಾ ಎಲ್ಲಾ ತಾನ ಹೇಳಕೊಂತಾನ. ನಿನ್ನ ಧೂಳು, ಬುಲೆಟ್ಟು, ಇವೆಲ್ಲಾ ಅದ ತೆರಿ. ಅದರಾಗ ತಪ್ಪಿಲ್ಲ. ರಾಜಗ, ರಾಕ್ಷಸಗ ಛಲೋ ಒಪ್ಪತೈತಿ. ಪ್ರೀತಿ ಮಾಡಾವಗ ಅಷ್ಟು ಒಪ್ಪೂದಿಲ್ಲ ಅಂತೀನಿ. ತನ್ನ ಬಗ್ಗೆ ಎಲ್ಲಾ ತಾನ ಹೇಳಕೊಂಡಾಂವನ್ನ ಇನ್ನೊಬ್ಬಾಕಿ ಹುಡುಕಿ ತಿಳಕೊಳ್ಳೂದು ಏನ ಉಳೀತು?

– ಹಂಗಾದ್ರ ಪ್ರೀತಿ ನಾಟಕಗಳು ಹೆಂಗ ಶುರು ಆಗ್ತಿದ್ವು?

– ಶಾಂತಕವಿಗಳ ಹೆಸರು ಕೇಳೀಯಲ್ಲ?

– ಸಕ್ಕರಿ ಬಾಳಾಚಾರ್ಯರು. ಸಾಲಿ ಮಾಸ್ತರು.

– ಅವರ. 1870ರ ದಶಕದ ಮಾತು. ಮರಾಠಿ ಕಂಪನಿಗಳು ಬಂದು ನಮ್ಮ ಮಂದಿ ರೊಕ್ಕಾ, ಕಿವಿ ಎರಡೂ ಗಂಟ ಕಟಗೊಂಡು ಹೋಗೂ ಕಾಲ. ಆವಾಗ ಗದಗಿನ್ಯಾಗ ಕೃತಪುರ ನಾಟಕ ಮಂಡಳಿ ಹುಟ್ಟಿತು. ಕೃತಪುರ ಅಂದ್ರ ಈ ಊರ. ಆಡಿದ್ದು ಅವರ 'ಉಷಾಹರಣ'. ಬಾಣಾಸುರನ ಮಗಳು ಉಷೆ ಕನಸಿನ್ಯಾಗ ಒಬ್ಬ ಹುಡುಗನ್ನ ಕಾಣ್ತಾಳ. ಹೆಸರು ಗೊತ್ತಿಲ್ಲ, ಊರ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಒಬ್ಬೊಬ್ಬ ರಾಜಕುಮಾರನ ಚಿತ್ರ ಬರದು ತೋರಸ್ತಾಳ. ಇಂವ? ಅಲ್ಲ. ಇಂವ? ಅಲ್ಲ. ಕಡೀಗೆ ಅನಿರುದ್ಧನ ಚಿತ್ರ ಬಂತು, ಉಷೆ ತಲಿ ತಗ್ಗಿಸಿದ್ಲು. ಆಮ್ಯಾಲೆ ಚಿತ್ರಲೇಖೆ ಹೋಗಿ ಆ ಹುಡುಗನ್ನ ಮಲಗಿದ್ದಂಗನ ಎತಗೊಂಡು ಬರ್ತಾಳ. ಹೀರೋನ ಎಂಟ್ರಿ ಹೆಂಗೈತಿ ನೋಡು! ಮೊದಲ ಕನಸಿನ್ಯಾಗ, ಆಮ್ಯಾಲೆ ಚಿತ್ರದಾಗ, ಕಡೀಕ ನಿದ್ದಿಯೊಳಗ.

– ಗೊರಕಿ ಹೊಡಕೋಂತ.

– ಹೊಡದಿರಬಹುದು, ಪುರಾಣದಾಗ ಬರದಿಲ್ಲ. ಆದ್ರ ಕನಸು ಕಂಡಾಕಿ ಹುಡುಗಿ, ಆರಸಿದಾಕಿ ಹುಡುಗಿ, ಹೊತ್ತು ತಂದಾಕಿನೂ ಹುಡುಗಿ. ಗದಗಿನ ಮಂದಿ ಸಿನಿಮಾ ಹುಟ್ಟೂಕಿಂತ ಮೊದಲ ಇದನ್ನ ನೋಡ್ಯಾರ.

– ಕಂಪನಿ ನಾಟಕದಾಗ ಹೀರೋ ಹಾಡಕೋಂತ ಬರ್ತಿದ್ದ ಅಂತಾರಲ್ರಿ?

– ಆಮ್ಯಾಲೆ ಬಂದದ್ದು ಅದು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿಂದ, ವೆಂಕೋಬರಾಯರ ಕಂಪನಿ ಶಿರಹಟ್ಟಿಯಿಂದ. ಹಾಡಿಗೆ ಮಂದಿ 'ಒನ್ಸ್ ಮೋರ್' ಅಂದ್ರ ಕತಿ ಅಲ್ಲೆ ನಿಂತು, ನಟ ಮತ್ತ ಹಾಡಾವ. ಒಮ್ಮೆ ಪರಿಚಯ ಆದಾವಗ ಮೂರು ಸರ್ತಿ ಪರಿಚಯ. ಸಿನಿಮಾದಾಗ ಎಂಟ್ರಿ ಹಾಡು ಎಲ್ಲಿಂದ ಬಂತಂತ ಯಾರರ ಕೇಳಿದ್ರ, ನಾ ನಾಟಕದ ಥಿಯೇಟರಿನ ಕಡೆ ಕೈ ಮಾಡಿ ತೋರಸ್ತೀನಿ. ಇರ್ಲಿ. ನಿನಗ ಹಿಡಿಸಿದ ಪಿಚ್ಚರ್ ಯಾವುದು ಹೇಳು.

– 'ಮುಂಗಾರು ಮಳೆ'. 2006ರ ಕಡೀ ವಾರ ಬಿಡುಗಡಿ ಆದದ್ದು. ನಾ ಆವಾಗ ಮೂರನೇತ್ತೆ.

– ಅದರಾಗ ಗಣೇಶ ಮೊದಲ ಏನ ಮಾಡ್ತಾನ?

– ಬೆಂಗಳೂರಿನ ಮಾಲಿನ ಮುಂದ ಪೂಜಾ ಗಾಂಧಿನ್ನ ನೋಡ್ತಾನ. ನೋಡಕೋಂತನ ಹೋಗಿ ಗುಂಡ್ಯಾಗ ಬೀಳ್ತಾನ. ಮ್ಯಾನ್‌ಹೋಲ್.

– ಎತ್ತಿದವರ್ಯಾರು?

– ಆಕಿನ. ಎತ್ತೂದ್ರಾಗ ಆಕಿ ಹೊಸಾ ವಾಚ್ ಕಳೀತೈತಿ. ಹೃದಯದ ಆಕಾರದ್ದು.

– ನೋಡ್ದಿ? ಯೋಗರಾಜ ಭಟ್ಟರು ಹೀರೋನ ಏರಿಸಲಿಲ್ಲ, ಇಳಿಸಿದ್ರು. ನೂರು ಮಂದಿನ್ನ ಹೊಡದು ಕೆಡವಿದಾವನ ಮ್ಯಾಲೆ ನನಗ ಭಯ ಹುಟ್ಟತೈತಿ, ಗುಂಡ್ಯಾಗ ಬಿದ್ದಾವನ ಮ್ಯಾಲೆ ಸಲಿಗಿ ಹುಟ್ಟತೈತಿ. ವಾಚ್ ಅಂವಗ ಸಿಗತೈತಿ, ಆಕಿಗೆ ಗೊತ್ತಿಲ್ಲ, ನಮಗ ಗೊತ್ತೈತಿ. ಮುಂದ ಮಡಿಕೇರಿಯೊಳಗ ಎಷ್ಟು ಮಾತಾಡಿದ್ರೂ, ಎಷ್ಟು ತೋಯಿಸಿಕೊಂಡ್ರೂ ಗಂಟು ಬಿದ್ದದ್ದು ಆ ಗುಂಡ್ಯಾಗ. ಆ ಪಿಚ್ಚರಿನ ಮಳಿ ಮಾತ್ರ ಖರೇ ಮಳಿ, ಪ್ರಿಂಟಿನ ಗೀರಲ್ಲ. ಆದ್ರೂ ನಾಕು ವಾರ ಓಡಿದ ಪ್ರಿಂಟಿನ್ಯಾಗ ಎರಡೂ ಕೂಡಿ ಸುರದಿದ್ದು ಉಂಟು, ಬಿಡು.

– ಆದ್ರೂ ಕಾಕಾ, ಅಂವ ನೋಡೂದು, ಆಕಿ ನೋಡಿಸಿಕೊಳ್ಳೂದು. ಆಕಿ ಹೆಸರು, ಕೆಲಸಾ, ಮನಸು ಏನೂ ಇಲ್ಲ. ಪಿಚ್ಚರ್ ತುಂಬ ಹಿಂದಿಂದ ಹೋಗೂದನ್ನ ಪ್ರೀತಿ ಅಂತೀವಿ. ಬೆಂಗಳೂರಿನ್ಯಾಗ ಹಂಗ ಒಬ್ಬ ನನ್ನ ಹಿಂದ ಬಂದಾಗ ನನಗ ಹಾಡೇನೂ ಕೇಳಸ್ಲಿಲ್ಲ.

– ಖರೇ ಮಾತು. ಅದನ್ನ ನೀನ ಹೇಳೀದಿ, ಈಗ ನಿನ್ನ ಎರಡನೇ ಪುಟಾ ತೆಗಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ. ಗಾಳಿ ಬೀಸತೈತಿ, ಆಕಿ ಕೂದಲ ಹಾರತೈತಿ, ಆಕಿ ಪಾರಿವಾಳಕ್ಕ ಕಾಳ ಹಾಕ್ತಾಳ. ಯಾರ ಕಣ್ಣೀಲೆ ನಾ ಆಕಿನ್ನ ನೋಡಾಕತ್ತೇನಿ?

– ... ಹೀರೋನ ಕಣ್ಣೀಲೆ.

– ಹಂಗಾದ್ರ ಅದು ಆಕಿ ಪರಿಚಯ ಅಲ್ಲ. ಮತ್ತ ಅವಂದ, ಎರಡನೇ ಸರ್ತಿ. ಪಾರಿವಾಳ ಅಂದ ಕೂಡ್ಲೆ ನೆನಪಾತು, 1995ರಾಗ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಬಂತಲ್ಲ. ಅದೂ ಪಾರಿವಾಳದ ಮ್ಯಾಲೆನ ಶುರು. ಆದ್ರ ಕಾಳ ಹಾಕಾವ ಹುಡುಗಿ ಅಪ್ಪ, ಅಮರೀಶ್ ಪುರಿ, ಲಂಡನ್ನಿನ ನಡು ಚೌಕದಾಗ. ದೇಹ ಅಲ್ಲೆ, ಮನಸು ಪಂಜಾಬಿನ್ಯಾಗ. ಪ್ರೀತಿ ಮಾಡವರ ಮಾರಿ ತೋರಿಸೂಕಿಂತ ಮೊದಲ ಅವರಿಗೆ ಅಡ್ಡ ನಿಂದರೂ ಗ್ವಾಡಿನ ತೋರಿಸಿಬಿಟ್ರು. ಮುಂದ ಶಾರುಖ್ ರೈಲಿನ ಬಾಗಲದಾಗ ಕೈ ಚಾಚಿ ಕಾಜೋಲನ್ನ ಒಳಗ ಎಳಕೊಂಡಾಗ ಅವರು ನಕ್ಕೋಂತ ಜಗಳಾ ಆಡ್ತಾರ, ನಮಗ ಮಾತ್ರ ಎದಿ ಡವಡವ ಅಂತೈತಿ.

– ನನ್ನ ಕತ್ಯಾಗ ಬರೂ ಮುಂಡರಗಿಗೆ ರೈಲಿಲ್ಲಲ್ರಿ. ಇದ್ದಿದ್ರ ನಾನೂ ರೈಲ ಬರೀತಿದ್ದೆ.

– ಬಸ್ಸೈತಲ್ಲ. ಆ ಮಾತಿಗೆ ಆಮ್ಯಾಲೆ ಬರೂಣು.

– ನಾನೂ ಒಂದು ಹೇಳ್ತೀನಿ. 'ರೋಮನ್ ಹಾಲಿಡೇ', 1953ರದ್ದು. ಆಡ್ರೆ ಹೆಪ್‌ಬರ್ನ್ ರಾಜಕುಮಾರಿ. ಸಾಲಾಗಿ ಬಂದ ದೊಡ್ಡ ದೊಡ್ಡ ಮಂದಿಗೆ ನಕ್ಕೋಂತ ಮರ್ಯಾದಿ ಕೊಡಾಕತ್ತಾಳ. ಕ್ಯಾಮೆರಾ ಆಕಿ ಲಂಗದ ಕೆಳಗ ಹೋಗತೈತಿ. ಕಾಲ ನೋಯಾಕತ್ತಾವು, ಒಂದು ಬೂಟಿನೊಳಗಿಂದ ಸಾವಕಾಶ ಕಾಲ ಹೊರಗ ತಗದು ಇನ್ನೊಂದು ಕಾಲಿಗೆ ತಿಕ್ಕಾಕತ್ತಾಳ. ಬೂಟು ಉರುಳಿ ಬೀಳತೈತಿ. ಮ್ಯಾಲೆ ಮಾರಿ ಮಾತ್ರ ರಾಜಕುಮಾರಿದ.

– ಆಹಾ! ಮದವಿ ಮಂಟಪದಾಗ ಹೊತ್ತಗಟ್ಟಲೆ ನಿಂತ ಮದಿಮಗಳನ್ನ ನೋಡು, ಅದ. ಮ್ಯಾಲಿನ ಸೀರಿ ಮಂದಿಗೆ, ಕೆಳಗಿನ ಕಾಲು ನಮಗ. ಯಾರೂ ಒಂದು ಮಾತ ಆಡಲಿಲ್ಲ, ಆದ್ರ ಈಕಿ ಇಲ್ಲಿಂದ ಓಡಿಹೋಗ್ತಾಳ ಅಂತ ತಿಳದುಬಿಡ್ತು. ತೆರಿ ಕೆಳಗಿನ ಕಾಲು ಅಂದ್ನೆಲ್ಲ ದೊಡ್ಡಾಟದಾಗ, ನೋಡು, ಅಲ್ಲಿಗೂ ಇಲ್ಲಿಗೂ ನಂಟು.

– ನಮ್ಮ ಭಾಷಾದಾಗ ಅಂಥದ್ದು?

– 'ನಾಗಮಂಡಲ' ನೋಡೀಯೇನು? ಕಾರ್ನಾಡರ ನಾಟಕ, ನಾಗಾಭರಣರು 1997ರಾಗ ಪಿಚ್ಚರ್ ಮಾಡಿದ್ರು. ಅದು ಬಂದಾಗ ನಮ್ಮ ಮಂದಿಗೆ ಮೊದಲ ಹಿಡಿಸಿದ್ದು ಮಾತು. ನಾವು ಮನ್ಯಾಗ ಆಡೂ ಮಾತ ನಗಸಾಕ ಇಟ್ಟಿದ್ದಿಲ್ಲ, ಅಳಸಾಕ ಇಟ್ಟಿದ್ರು. ಅಪ್ಪಣ್ಣ ಮದವಿ ಮಾಡಕೊಂಡ ಹೆಂಡತಿ ರಾಣಿನ್ನ ಒಳಗ ಬಿಟ್ಟು ಹೊರಗ ಕೀಲಿ ಹಾಕಿ ಹೋಗ್ತಾನ. ಒಂದು ಕೀಲಿ. ಅಷ್ಟರಾಗ ಗಂಡನ ಪರಿಚಯ ಮುಗೀತು, ಮುಂದ ಒಂದು ಮಾತೂ ಬೇಕಾಗಿಲ್ಲ. ಅಂವನ್ನ ಒಲಿಸಾಕ ಬೇರು ಅರದು ಸಾರಿಗೆ ಹಾಕಿದ್ಲು. ಹೆದರಿ ಆ ಸಾರ ಹುತ್ತಕ್ಕ ಸುರುವಿದ್ಲು. ಕುಡದ ಹಾವು ರಾತ್ರಿ ಅದ ಗಂಡನ ರೂಪದಾಗ ಬಂತು. ಪ್ರಕಾಶ್ ರೈ, ಅದ ನಟ, ಅದ ಮಾರಿ. ಆದ್ರ ಕುಂದರೂದು ಬ್ಯಾರೆ, ಕೇಳೂದು ಬ್ಯಾರೆ, ಆಕಿ ಮಾತ ಮುಗಿಯೂ ತನಕ ತಾಳೂದು ಬ್ಯಾರೆ. ಒಂದು ಮಾರಿಗೆ ಎರಡು ಪರಿಚಯ. ರಾಣಿಗೆ ಇಬ್ಬರು ಅಂತ ಗೊತ್ತಿಲ್ಲ, ನಮಗ ಗೊತ್ತೈತಿ. ನಾ ಆ ಪಿಚ್ಚರ್ ಓಡಸೂ ಮುಂದ ಕಾರ್ಬನ್ ಸರಿಮಾಡೂದು ಮರತು ಪಡದಿ ಮಬ್ಬ ಮಾಡೇನಿ. ಅದೊಂದಕ್ಕ ಮಾಲಕ ಬೈಲಿಲ್ಲ. ಅಂವನೂ ನೋಡಕೋಂತ ನಿಂತಿದ್ದ.

– ಅಂದ್ರ ಮಾರಿ ಅಲ್ಲ, ಮಾಡೂದು.

– ಮಾಡೂದು, ಮತ್ತ ಅದನ್ನ ಯಾರು ನೋಡ್ಯಾರ ಅನ್ನೂದು.

– 'ಸೈರಾಟ್' ಕ್ರಿಕೆಟ್ ಪಂದ್ಯದ ಮ್ಯಾಲೆ ಶುರು ಆಗತೈತಿ, ಮೈಕಿನ್ಯಾಗ ಕಾಮೆಂಟ್ರಿ. ಅದೂ ಸಾರಥಿನ ಅನ್ನಿಸ್ತು ಈಗ.

– ಖರೇನ. ನಮ್ಮಲ್ಲಿ ಅದನ್ನ 'ಮನಸು ಮಲ್ಲಿಗೆ' ಅಂತ ತಗದ್ರಲ್ಲ, ಅದರ ಹೀರೋಯಿನ್ ಹುಡುಗಿನ್ನ ಕರಕೊಂಡು ಬಂದು.

– 2017ರಾಗ. ಆದ್ರ 'ಸಪ್ತ ಸಾಗರದಾಚೆ ಎಲ್ಲೋ' ನೋಡ್ರಿ, ಅದರಾಗ ಎಂಟ್ರಿನೂ ಇಲ್ಲ, ಮೊದಲ ಭೇಟಿನೂ ಇಲ್ಲ. ಶುರು ಆಗೂದ್ರಾಗ ಮನು, ಪ್ರಿಯಾ ಮೊದಲ ಪ್ರೀತಿ ಮಾಡಾಕತ್ತಾರ, ಬಾಡಗಿ ಮನಿ ಹುಡುಕಾಕತ್ತಾರ.

– ನನಗ ಅದು ಹಿಡಿಸ್ತು. ಬಾಡಗಿ ಎಷ್ಟಂತ ಕೇಳೂ ಮುಂದ ಮನಷ್ಯಾರ ಖರೇ ಬಣ್ಣಾ ಹೊರಗ ಬರತೈತಿ. ಆದ್ರ ಹಂಗ ಬರಿಯಾಕ ಧೈರ್ಯಾ ಬೇಕು. ಭೇಟಿ ಸೀನ್ ತಗದ್ರ ಪಿಚ್ಚರಿನ ಅರ್ಧ ಸುಖಾ ಹೋಗತೈತಿ ಅಂತ ತಿಳಕೊಂಡವರ ಭಾಳ ಮಂದಿ. ನಾನೂ ಒಬ್ಬ, ಸುಳ್ಳ್ಯಾಕ ಹೇಳ್ಲಿ.

– ಲಕ್ಷ್ಮೇಶ್ವರ ಬಿಡಲ್ರಿ ಮತ್ತ?

– ಲಕ್ಷ್ಮೇಶ್ವರ ಯಾಕ ಬಿಡ್ತೀ? ನೀ ಕ್ಯಾಮೆರಾ ಇಟ್ಟ ಗುಡಿನ ಒಂದು ಪ್ರೀತಿ ಕತ್ಯಾಗಿಂದ ಎದ್ದದ್ದು. ಆದಯ್ಯ, ಪದ್ಮಾವತಿ. ಹರಿಹರ ರಗಳೆ ಬರದ, ರಾಘವಾಂಕ 'ಸೋಮನಾಥ ಚರಿತೆ' ಬರದ. ಸೌರಾಷ್ಟ್ರದಿಂದ ವ್ಯಾಪಾರಕ್ಕ ಬಂದ ಶೈವ ಹುಡುಗ, ಪುಲಿಗೆರೆಯ, ಅಂದ್ರ ಇದ ಲಕ್ಷ್ಮೇಶ್ವರದ, ಜೈನರ ಹುಡುಗಿ. ಕಂಡ್ರು, ಒಲದ್ರು, ಮದವಿನೂ ಆತು. ನಮ್ಮ ಪಿಚ್ಚರಿನವ್ರು ಅಲ್ಲಿಗೆ 'ಶುಭಂ' ಹಾಕ್ತಿದ್ರು. ಖರೇ ಕತಿ ಆಮ್ಯಾಲೆ ಐತಿ, ಮನಿಗೆ ಬಂದ ಶಿವಭಕ್ತರಿಗೆ ಉಣ್ಣಾಕ ಹಾಕೂದ್ರಾಗ ಮಾವನ ಮನ್ಯಾಗ ಜಗಳಾ. ಹೊರಗಿನ ಹುಡುಗ ಬಂದ ಅಂದ್ರ ಅವನ ಗಂಟಿನ್ಯಾಗ ಅರಿವಿ, ರೊಕ್ಕಾ ಅಷ್ಟ ಇರೂದಿಲ್ಲ, ಅವನ ದೇವರೂ ಇರತಾನ. ಕಡೀಕ ಸೋಮನಾಥನ್ನ ಅಲ್ಲಿಂದ ಇಲ್ಲಿಗೆ ಕರಕೊಂಡು ಬಂದ ಅಂತ ಕತಿ. ಗುಡ್ಯಾಗ ಹೋಗಿ ನೋಡು, ಶಿವಾ ಪಾರ್ವತಿ ನಂದಿ ಮ್ಯಾಲೆ ಕುಂತಾರ, ದೂರದ ಊರಿಂದ ಈಗ ಬಂದಿಳದಂಗ. ಅದಕ್ಕ ಆಕಿ ಕೂದಲಿನ ಬದಲಿ ಗಂಟ ತೋರಸು. ಯಾರ ಚೀಲದಾಗ ಏನೈತಿ?

– ಚೀಲ... ಬಸ್ಸಂದ್ರಿ ನೀವು. ತಡೀರಿ. ಗದಗ ಬಸ್ ಸ್ಟ್ಯಾಂಡು. ಮುಂಡರಗಿ ಬಸ್ ಬಂತು, ಇನ್ನೂ ನಿಂತಿಲ್ಲ, ಮಂದಿ ಮುಗಿಬಿದ್ರು. ನನ್ನ ಹೀರೋ ಕಿಡಕಿ ಒಳಗ ದಸ್ತಿ ಒಗದು ಸೀಟ್ ಹಿಡೀತಾನ.

– ಹಾಂ. ಬುಲೆಟ್ ಹೋತು, ದಸ್ತಿ ಬಂತು. ಮುಂದ?

– ಬಾಗಲದಿಂದ ನೂಕಾಡಿ ಒಳಗ ಬರೂದ್ರಾಗ ದಸ್ತಿ ಮ್ಯಾಲೆ ಒಬ್ಬಾಕಿ ಅಜ್ಜಿ ಕುಂತಾಳ. ತೊಡಿ ಮ್ಯಾಲೆ ಬುಟ್ಟಿ.

– ಜಗಳಾ ತೆಗೀತಾನೇನು?

– ಇಲ್ರಿ. "ಯಮ್ಮಾ, ನಿನ್ನ ದಸ್ತಿ ಕೆಳಗ ಜಾರಾಕತ್ತೈತಿ ನೋಡು, ಬುಟ್ಟ್ಯಾಗ ಇಟಗೊ" ಅಂತಾನ. ಅಜ್ಜಿ ತಂದ ಅಂತ ತಿಳದು ಒಳಗ ಇಟಗೊಂತಾಳ. ಸೀಟೂ ಹೋತು, ದಸ್ತಿನೂ ಹೋತು.

– ಭಪ್ಪರೆ! ಯಾರು ನೋಡಿದ್ರು?

– ಕಿಡಕಿ ಬಾಜೂಕ ಕುಂತ ಹುಡುಗಿ. ಅಂವ ದಸ್ತಿ ಒಗದದ್ದು ಆಕಿ ಮಾರಿ ಮುಂದನ. ಆಕಿಗೆ ಗೊತ್ತೈತಿ. ಆಕಿಗೆ ಗೊತ್ತೈತಿ ಅಂತ ಅಂವಗ ಗೊತ್ತಿಲ್ಲ.

– ಆತು, ಅವನ ಪರಿಚಯ ಆಕಿ ಕಣ್ಣೀಲೆ ಆತು. ಇನ್ನ ಆಕಿದು? ಅವನ ಕಣ್ಣೀಲೆ ಬ್ಯಾಡ ಅಂದಾಕಿ ನೀನ.

– ಕಣ್ಣೀಲೆ ಬ್ಯಾಡ್ರಿ. ಕಿವಿಲೆ. ಅಂವ ಆಕಿ ಹಿಂದ ಕಂಬಿ ಹಿಡದು ನಿಂತಾನ, ಮಾರಿ ಕಾಣವಲ್ದು. ಆಕಿಗೆ ಫೋನ್ ಬರತೈತಿ. "ಹೂಂ ಬೇ ಅವ್ವಾ, ಲಕ್ಷ್ಮೇಶ್ವರ ಬಸ್ ಹತ್ತೇನಿ, ಸೀಟ್ ಸಿಕ್ಕೈತಿ, ಶಿರಹಟ್ಟಿ ದಾಟಿದ ಮ್ಯಾಲೆ ಫೋನ್ ಮಾಡ್ತೀನಿ." ಅಷ್ಟರಾಗ ಕಂಡಕ್ಟರ್ ಬರ್ತಾನ.

– ತಡಿ, ತಡಿ. ಇಂವ ಸಾರಥಿ! ಯಾರು, ಎಲ್ಲಿಗೆ ಅಂತ ಕೇಳಾಂವ ಇಂವನ.

– "ಎಲ್ಲಿಗ್ರಿ?" ಆಕಿ ಆಧಾರ್ ಕಾರ್ಡ್ ತೋರಸ್ತಾಳ. 2023ರ ಜೂನಿನಿಂದ ಹೆಣ್ಣಮಕ್ಕಳಿಗೆ ರೊಕ್ಕಾ ಇಲ್ಲ, ಆದ್ರ ಶೂನ್ಯ ಟಿಕೀಟ ತಗೊಳ್ಳಾಕ ಊರ ಹೇಳಾಕಬೇಕು. ಸಣ್ಣ ದನಿಲೆ ಹೇಳ್ತಾಳ: "ಮುಂಡರಗಿ."

– ಮುಂಡರಗಿ ಬಸ್ಸಿನ್ಯಾಗ ಕುಂತು ಅವ್ವಗ ಲಕ್ಷ್ಮೇಶ್ವರ ಅಂದ್ಲು?

– ಅಂದ್ಲು. ಅಂವ ಎರಡೂ ಕೇಳಿದ. ಆಕಿಗೆ ಗೊತ್ತಿಲ್ಲ.

– ಅದೊಂದು ದಿಕ್ಕು, ಇದೊಂದು ದಿಕ್ಕು. ಅವ್ವ ಲಕ್ಷ್ಮೇಶ್ವರದಾಗ ಹಾದಿ ಕಾಯಾಕತ್ತಿರತಾಳ. ಕತ್ತಲಾದ್ರ ಹೊಳ್ಳಿ ಬರಾಕ ಬಸ್ ಸಿಗಬೇಕಲ್ಲ? ಅಲ್ಲ ತಂಗೀ, ಆಕಿಗೆ ಮುಂಡರಗ್ಯಾಗ ಏನ ಕೆಲಸಾ?

– ಚಾ ಆರಾಕತ್ತೈತಿ, ಕುಡೀರಿ ಕಾಕಾ.

– ಚಾ ಇರ್ಲಿ. ಏನ ಕೆಲಸಾ ಆಕಿಗೆ?